ಅಕ್ಟೋಬರ್ ತಿಂಗಳ ಆ ಒಂದು ಗಂಟೆ

ಆರನೆಯ ಬೇರನ್ನು ಹೆರೆಯುತ್ತಿದ್ದೆ. ಈ ಕಪ್ಪು ಬೇರುಗೆಡ್ಡೆಯ ಸಿಪ್ಪೆ ತೆಗೆಯುವಾಗ ಅವಸರ ಮಾಡಿದರೆ ಕೆಟ್ಟೆವು. ಹಾಲಿನಂಥ ಅಂಟು ಬೆರಳಿಗೆಲ್ಲ ಮೆತ್ತಿಕೊಂಡು, ಎರಡು ದಿನ ಉಜ್ಜಿದರೂ ಕಂದು ಕಲೆ ಹೋಗುವುದಿಲ್ಲ. ಹೆರೆದದ್ದನ್ನು ಹೆರೆದಂತೆ ವಿನೆಗರ್ ಹಾಕಿದ ನೀರಿಗೆ ಬಿಡಬೇಕು. ನಮ್ಮಮ್ಮ ಈ ಗೆಡ್ಡೆಗೇ 'ಅಡುಗೆಯವಳ ಅಳು' ಎನ್ನುತ್ತಿದ್ದಳು. ಭಾನುವಾರದ ಬೆಳಗು. ಕಿಟಕಿಕಟ್ಟೆಯ ಮೇಲೆ ರೇಡಿಯೋ ತನ್ನ ಪಾಡಿಗೆ ತಾನು ನದಿಗಳ ನೀರಿನ ಮಟ್ಟ ಓದುತ್ತಿತ್ತು. ಅದು ಮುಗಿದ ಮೇಲೆ ಒಂದು ಸೂಚನೆ ಬಂತು: ಇಂಗ್ಲೆಂಡಿಗೆ ಹೋಗುವ ಹಡಗುಗಳ ವೇಳಾಪಟ್ಟಿ ಇಂದಿನಿಂದ ಬದಲಾಗಿದೆ, ಆಚೆಯವರು ನಿನ್ನೆ ರಾತ್ರಿ ತಮ್ಮ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದಾರೆ.

ನಿನ್ನೆ ರಾತ್ರಿಯೇ?

ಬೇಸಿಗೆಗೆ ಒಂದು ಗಂಟೆ ಮುಂದಿಟ್ಟ ಗಡಿಯಾರವನ್ನು ಚಳಿಗಾಲಕ್ಕೆಂದು ನಾವು ಹಿಂದಕ್ಕೆ ತಿರುಗಿಸಿ ಆಗಲೇ ನಾಲ್ಕು ವಾರವಾಗಿತ್ತು. ವರ್ಷವೆಲ್ಲ ಅವರು ನಮಗಿಂತ ಒಂದು ಗಂಟೆ ಹಿಂದೆ. ನಮ್ಮ ಹನ್ನೊಂದು ಅವರ ಹತ್ತು. ಆದರೆ ನಾವು ತಿರುಗಿಸಿ ಅವರು ತಿರುಗಿಸದಿದ್ದ ಈ ನಾಲ್ಕು ವಾರ ಮಾತ್ರ ಅವರ ಹತ್ತು ನಮ್ಮ ಹತ್ತೇ ಆಗಿತ್ತು.

ಕೈಯಲ್ಲಿದ್ದ ಚಾಕು ನಿಂತಿತು. ಅಕ್ಟೋಬರ್ ಒಂಬತ್ತನೇ ತಾರೀಕು ಈ ನಾಲ್ಕು ವಾರದ ನಡುವೆ ಬಂದಿತ್ತು.

ನಾನಾಗ ನದಿದಡದ ನಮ್ಮ ಊರಿನ ಅಧ್ಯಯನ ಕೇಂದ್ರದಲ್ಲಿ ಪರೀಕ್ಷೆಯ ಮೇಲ್ವಿಚಾರಕಿ. ಹಳೆಯ ಅಂಚೆ ಕಚೇರಿಯ ಮೇಲಂತಸ್ತಿನಲ್ಲಿ ಎರಡು ಕೋಣೆ, ಒಂದು ಫೋನು, ಒಂದು ಕಾಫಿ ಯಂತ್ರ. ಪಾಠಗಳನ್ನು ಅಂಚೆಯಲ್ಲಿ ತರಿಸಿಕೊಂಡು ಓದುವವರು ಪರೀಕ್ಷೆಗೆ ಮಾತ್ರ ನಮ್ಮಲ್ಲಿಗೆ ಬರುತ್ತಿದ್ದರು. ಲಾರಿ ಓಡಿಸುವವರು, ದಾದಿಯರು, ಬೆಳಿಗ್ಗೆ ಹಸು ಕರೆದು ಮಧ್ಯಾಹ್ನ ಉತ್ತರ ಬರೆಯುವವರು. ನಾನೂ ಅದೇ ಜಾತಿಯವಳು. ಹನ್ನೆರಡನೇ ವಯಸ್ಸಿಗೆ ಶಾಲೆ ಬಿಟ್ಟು ಇಟ್ಟಿಗೆ ಗೂಡಿಗೆ ಹೋದವಳು, ನಲವತ್ತಮೂರಕ್ಕೆ ಸಂಜೆ ಶಾಲೆಯ ಬೆಂಚಿನಲ್ಲಿ ಕೂತು ಭಿನ್ನರಾಶಿ ಕಲಿತೆ. ಆ ಕೇಂದ್ರದ ಮೆಟ್ಟಿಲು ಹತ್ತುವವರ ಮುಖ ನೋಡಿದರೆ ಸಾಕು, ಅವರು ಹಿಂದಿನ ದಿನ ಎಷ್ಟು ಹೊತ್ತು ಮಲಗಿದ್ದರು ಎಂದು ನನಗೆ ಗೊತ್ತಾಗುತ್ತಿತ್ತು.

ಐದು ವರ್ಷದಿಂದ ನಾಲ್ಕು ದೇಶಗಳ ದೂರಶಿಕ್ಷಣ ವಿಶ್ವವಿದ್ಯಾಲಯಗಳು ಕೂಡಿ ಒಂದು ಕೋರ್ಸು ನಡೆಸುತ್ತಿದ್ದವು. ಶಾಲೆಗೆ ಬರಲಾಗದ ಮಕ್ಕಳಿಗೆ ಪಾಠ ಹೇಳುವುದು ಹೇಗೆ ಎಂಬುದು ಅದರ ವಿಷಯ. ಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಉತ್ತರ ಬರೆಯುವುದು ಎಲ್ಲರೂ ಇಂಗ್ಲಿಷಿನಲ್ಲೇ, ಪ್ರಮಾಣಪತ್ರಕ್ಕೆ ನಾಲ್ಕೂ ದೇಶದಲ್ಲಿ ಒಂದೇ ಬೆಲೆ. ಹಾಗಾಗಿ ಪ್ರಶ್ನೆಪತ್ರಿಕೆಯ ಲಕೋಟೆ ಒಡೆಯುವ ಗಳಿಗೆಯೂ ಎಲ್ಲ ಕಡೆ ಒಂದೇ ಆಗಿರಬೇಕು. ಕಡಲಾಚೆ ಇಂಗ್ಲೆಂಡಿನಲ್ಲಿರುವ ಪರೀಕ್ಷಾ ಮಂಡಳಿಯ ಗಡಿಯಾರದಲ್ಲಿ ಹತ್ತು ಹೊಡೆದಾಗ ನಲವತ್ತು ಕೇಂದ್ರಗಳಲ್ಲಿ ನಲವತ್ತು ಕತ್ತರಿಗಳು ಒಟ್ಟಿಗೆ ಲಕೋಟೆ ಕತ್ತರಿಸಬೇಕು. ಪ್ರತಿ ವರ್ಷ ಈ ಪರೀಕ್ಷೆ ಜೂನಿನಲ್ಲಿ ನಡೆಯುತ್ತಿತ್ತು. ನಾನು ಹನ್ನೊಂದಕ್ಕೆ ಕತ್ತರಿ ಹಿಡಿಯುತ್ತಿದ್ದೆ. ಆ ವರ್ಷ, ತೊಂಬತ್ತಮೂರರಲ್ಲಿ, ಮೊದಲ ಸಲ ಅಕ್ಟೋಬರಿನಲ್ಲಿ ಇಟ್ಟರು. ನಾನು ಆಗಲೂ ಹನ್ನೊಂದಕ್ಕೇ ಹಿಡಿದೆ.

ಅಂದರೆ ಆಚೆಯವರು ಒಂದು ತಾಸು ಬರೆದಾಗಿದ್ದಾಗ ನನ್ನ ಹನ್ನೊಂದು ಜನ ಅಭ್ಯರ್ಥಿಗಳು ಇನ್ನೂ ಕಾಫಿ ಕುಡಿಯುತ್ತಿದ್ದರು. ವರದಿಯ ನಮೂನೆಯಲ್ಲಿ 'ನಿಗದಿತ ಸಮಯಕ್ಕೆ ಆರಂಭವಾಯಿತೇ' ಎಂಬ ಪ್ರಶ್ನೆಯ ಮುಂದೆ ನಾನು ಹೌದು ಎಂದು ಗುರುತು ಹಾಕಿ ಸಹಿ ಮಾಡಿದ್ದೆ.

ಕೈ ತೊಳೆಯದೆಯೇ ಕೂತು ಮಂಡಳಿಗೆ ಐದು ಸಾಲಿನ ಪತ್ರ ಬರೆದೆ. ಲಕೋಟೆಗೆ ಹಾಕಿ ಅಂಚೆಚೀಟಿಯನ್ನೂ ಅಂಟಿಸಿದೆ. ಆ ಲಕೋಟೆಯ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಕಂದು ಗುರುತು ಬಿತ್ತು.

ಸೋಮವಾರ ಅದನ್ನು ಅಂಚೆಗೆ ಹಾಕುವ ಮುಂಚೆ ಕೇಂದ್ರದ ಮುಖ್ಯಸ್ಥ ರೊಂಬೌಟ್ಸರಿಗೆ ತೋರಿಸಿದೆ. ಅದೇ ನಾನು ಮಾಡಿದ ಎರಡನೆಯ ತಪ್ಪು. ಎತ್ತರದ, ಕತ್ತು ಮುಂದಕ್ಕೆ ಚಾಚಿದ ಮನುಷ್ಯ, ಪಾಪ, ಕೆಟ್ಟವರಲ್ಲ. ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ಜನಕ್ಕೆ ಗೊತ್ತು ಇದು?"

"ನಿಮಗೆ, ನನಗೆ."

"ಇಬ್ಬರಿಗೆ ಸಾಕು. ಮೂರನೇವರು ಬೇಡ."

"ಮಂಡಳಿಗೆ ತಿಳಿಸ್ಬೇಕಲ್ವಾ ಸರ್?"

"ಅಲೈಡಾ ಅವರೇ, ಯಾರಿಗಾದ್ರೂ ಏಟು ಬಿದ್ದಿದ್ಯಾ? ಯಾರಾದ್ರೂ ಕೇಳಿದ್ರಾ? ಜನವರಿಯಲ್ಲಿ ನಾಲ್ಕು ದೇಶದವರೂ ಒಂದ್ಕಡೆ ಕೂತು ಯಾವ ಸಣ್ಣ ಕೇಂದ್ರ ಮುಚ್ಚೋಣ ಅಂತ ಪಟ್ಟಿ ಮಾಡ್ತಾರೆ. ನೀವು ಹೋಗಿ ನಮ್ಮ ಹೆಸರನ್ನ ದಪ್ಪ ಅಕ್ಷರದಲ್ಲಿ ಬರ್ಕೊಟ್ಟು ಬರ್ತೀರಾ? ಆಮೇಲೆ ನಿಮ್ಮ ಹಾಲಿನವರು, ಲಾರಿಯವರು ಪರೀಕ್ಷೆ ಬರೆಯೋಕೆ ಎಂಬತ್ತು ಕಿಲೋಮೀಟರ್ ಹೋಗ್ಲಿ."

ನಾನು ಪತ್ರವನ್ನು ಮನೆಗೆ ತಂದು ಅಡುಗೆಮನೆಯ ಡ್ರಾಯರಿನಲ್ಲಿ ಚಮಚದ ತಟ್ಟೆಯ ಕೆಳಗಿಟ್ಟೆ. ನಾಳೆ ನೋಡೋಣ ಎಂದುಕೊಂಡೆ. ನಾಳೆಗಳು ಕೂಡಿ ವಾರವಾದವು.

ನವೆಂಬರ್ ಹತ್ತೊಂಬತ್ತರಂದು ಮಂಡಳಿಯಿಂದ ಪತ್ರ ಬಂತು. ರೊಂಬೌಟ್ಸ್ ಅದನ್ನು ನನ್ನ ಮುಂದೆ ತಳ್ಳಿ, ಬಾಗಿಲು ಹಾಕಿ ಬಂದರು.

ನಮ್ಮ ಕೇಂದ್ರದ ವಿಟ್ಸ್ಕೆ ಎಂಬಾಕೆಯ ಉತ್ತರ ಮತ್ತು ಕಡಲಾಚೆ ಅವರದೇ ಗಡಿಯಾರದ ಶೆಟ್ಲೆಂಡ್ ದ್ವೀಪದ ಊನಾ ಎಂಬಾಕೆಯ ಉತ್ತರ, ನಾಲ್ಕನೇ ಪ್ರಶ್ನೆಯಲ್ಲಿ, ಒಂಬತ್ತು ಸಾಲು ಅಕ್ಷರಕ್ಕೆ ಅಕ್ಷರ ಹೊಂದುತ್ತಿವೆ. ಊನಾ ಬಸುರಿ. ಪರೀಕ್ಷೆಯ ನಡುವೆ ಹತ್ತು ಮೂವತ್ತೈದಕ್ಕೆ ವಾಕರಿಕೆ ಎಂದು ಹೊರಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದಿದ್ದಾಳೆ. ಆದ್ದರಿಂದ ಎರಡೂ ಕೇಂದ್ರಗಳು ಸಹಿ ಮಾಡಿದ ಹೇಳಿಕೆ ಕಳಿಸಬೇಕು: ಪರೀಕ್ಷೆ ನಿಮ್ಮಲ್ಲಿ ಸರಿಯಾಗಿ ಎಷ್ಟು ಗಂಟೆಗೆ ಶುರುವಾಯಿತು, ಅಂದು ಬೆಳಿಗ್ಗೆ ಅಭ್ಯರ್ಥಿ ಹೊರಗಿನವರ ಜೊತೆ ಮಾತಾಡಿದಳೇ. ಡಿಸೆಂಬರ್ ಹತ್ತರೊಳಗಿನ ಅಂಚೆ ಮುದ್ರೆ ಇರಬೇಕು. ಇಲ್ಲದಿದ್ದರೆ ಇಬ್ಬರ ಪರೀಕ್ಷೆಯೂ ರದ್ದು, ಮೂರು ವರ್ಷ ಮತ್ತೆ ಕೂರುವಂತಿಲ್ಲ.

ಹತ್ತು ಮೂವತ್ತೈದು ಎಂಬಲ್ಲಿಗೆ ಮತ್ತೆ ಬಂದು ಓದಿದೆ. ಪರೀಕ್ಷೆಯ ದಿನ ಹತ್ತು ನಲವತ್ತಕ್ಕೆ ನಮ್ಮ ಕೇಂದ್ರದ ಫೋನು ಹೊಡೆದಿತ್ತು. ನಾನು ಸಕ್ಕರೆ ಡಬ್ಬಿ ತರಲು ಆಚೆ ಕೋಣೆಗೆ ಹೋಗಿದ್ದೆ. ಹತ್ತಿರದಲ್ಲಿದ್ದ ವಿಟ್ಸ್ಕೆಯೇ ಎತ್ತಿಕೊಂಡಳು. ನಾನು ಬರುವಾಗ ಗೋಡೆಯ ಕಡೆ ತಿರುಗಿ ನಿಂತು, ಎಡ ಅಂಗೈ ಮೇಲೆ ಪೆನ್ನಿನಿಂದ ಏನೋ ಗೀಚಿಕೊಳ್ಳುತ್ತಿದ್ದಳು. "ಸರಿ, ಸರಿ, ಮುಗಿದ ಮೇಲೆ" ಎಂದು ಇಟ್ಟಳು. ಪರೀಕ್ಷೆ ಇನ್ನೂ ಶುರುವಾಗಿಲ್ಲ ಎಂದು ನಂಬಿದ್ದ ನಾನು ಅದಕ್ಕೆ ಬೆಲೆ ಕೊಡಲಿಲ್ಲ.

"ಫೋನ್ ಬಂದಿತ್ತು" ಎಂದೆ.

"ಯಾರಿಗೆ?"

"ಅವಳಿಗೆ. ಹತ್ತು ನಲವತ್ತಕ್ಕೆ."

ರೊಂಬೌಟ್ಸ್ ಎದ್ದು ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿದರು. ಆಮೇಲೆ ಟೈಪ್ ಮಾಡುವ ಯಂತ್ರದ ಮುಂದೆ ತಾವೇ ಕೂತು ಟಕಟಕ ಹೊಡೆದು ಒಂದು ಹಾಳೆ ಎಳೆದು ಕೊಟ್ಟರು. ಹತ್ತು ಗಂಟೆಗೆ ಆರಂಭ. ಹೊರಗಿನವರ ಸಂಪರ್ಕ ಇಲ್ಲ. ಕೆಳಗೆ ನನ್ನ ಹೆಸರು, ಅದರ ಮೇಲೆ ಸಹಿಗೆ ಜಾಗ.

"ಇದರಲ್ಲಿ ಯಾರಿಗೂ ನಷ್ಟ ಇಲ್ಲ. ಆ ಹುಡುಗಿ ಪಾಸು, ದ್ವೀಪದವಳು ಪಾಸು, ಕೇಂದ್ರ ಉಳೀತು, ನಿಮ್ಮ ಮಾನ ಉಳೀತು. ಹತ್ತಕ್ಕೇ ಶುರುವಾಗಿದ್ರೆ ಫೋನಲ್ಲಿ ಪ್ರಶ್ನೆ ದಾಟಿಸೋಕೆ ಆಗಲ್ವಲ್ಲ. ಒಂದು ಗೀಟು ಹಾಕಿ."

"ಅವಳು ನಿಜವಾಗ್ಲೂ ಕಾಪಿ ಹೊಡೆದಿದ್ರೆ?"

"ಹೊಡೆದಿಲ್ಲ ಅಂತ ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಅದೇ ಕಷ್ಟ. "ಅವಳನ್ನ ಒಂದ್ಸಲ ಕೇಳ್ತೀನಿ" ಎಂದೆ.

"ಕೇಳಿ. ಆದ್ರೆ ಹತ್ತನೇ ತಾರೀಕು ದಾಟಿದ್ರೆ ಕೇಳಿದ್ದೂ ದಂಡ, ಬಿಟ್ಟದ್ದೂ ದಂಡ."

ವಿಟ್ಸ್ಕೆಯನ್ನು ಕೇಳುವುದು ಸುಲಭವಿರಲಿಲ್ಲ. ಅವಳ ಮನೆ ಎಂದರೆ ಗಂಡ ಡೌವೆ ನಡೆಸುವ ಸರಕು ದೋಣಿ, ಎಂಬತ್ತು ಮೀಟರ್ ಉದ್ದದ 'ಯಾಕೋಮಿನಾ'. ಆಗ ಅದು ಜಲ್ಲಿ ಹೊತ್ತು ರೈನ್ ನದಿಯಲ್ಲಿ ಮೇಲಕ್ಕೆ, ಸ್ವಿಸ್ ಗಡಿಯ ಕಡೆ ಹೋಗಿತ್ತು. ದೋಣಿಯ ರೇಡಿಯೋ ಫೋನಿಗೆ ಕರೆ ಮಾಡಬಹುದು, ಆದರೆ ಅಲ್ಲಿ ಮಾತಾಡಿದ್ದನ್ನು ಅರ್ಧ ನದಿ ಕಿವಿಗೊಟ್ಟು ಕೇಳುತ್ತದೆ. ಯಾರ ಸೊಸೆ ಹೆತ್ತಳು, ಯಾರ ಇಂಜಿನ್ ಕೆಟ್ಟಿತು ಎಂದು ದೋಣಿಯವರಿಗೆ ಗೊತ್ತಾಗುವುದೇ ಹಾಗೆ. ಅಲ್ಲಿ ಕಾಪಿ ಎಂಬ ಮಾತು ಎತ್ತಿದರೆ ಅವಳ ಕಥೆ ಮುಗಿದಂತೆಯೇ.

ಮುಗಿಯುವುದೆಂದರೆ ಏನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ದೋಣಿಯವರ ಮಕ್ಕಳು ಏಳು ವರ್ಷಕ್ಕೇ ತಾಯಿಯನ್ನು ಬಿಟ್ಟು ದಡದ ವಸತಿಶಾಲೆ ಸೇರುತ್ತಾರೆ, ವಾರಾಂತ್ಯಕ್ಕೆ ದೋಣಿ ಎಲ್ಲಿದೆಯೋ ಅಲ್ಲಿಗೆ ರೈಲು ಹತ್ತುತ್ತಾರೆ. ವಿಟ್ಸ್ಕೆಯ ಎರಡು ಮಕ್ಕಳೂ ಅಲ್ಲೇ. ಅದೇ ಶಾಲೆಯಲ್ಲಿ ಅವಳಿಗೊಂದು ಶಿಕ್ಷಕಿಯ ಕೆಲಸ ಕಾದಿತ್ತು, ಮಕ್ಕಳ ಜೊತೆ ಇರಲು ಎರಡು ಕೋಣೆಯ ಮನೆ ಸಮೇತ. ಈ ಪ್ರಮಾಣಪತ್ರ ಹೊಸ ವರ್ಷದೊಳಗೆ ಕೈಗೆ ಬರಬೇಕು, ಅಷ್ಟೇ. ನಾಲ್ಕು ವರ್ಷ ಓದಿದ್ದಳು, ಪುಸ್ತಕವನ್ನು ಚುಕ್ಕಾಣಿಯ ಪಕ್ಕ ಆನಿಸಿಟ್ಟುಕೊಂಡು.

ಕರೆ ಮಾಡಿ ಇಷ್ಟೇ ಹೇಳಿದೆ: "ನಿನ್ನ ಹತ್ರ ಮಾತಾಡ್ಬೇಕು, ವಿಟ್ಸ್ಕೆ. ಮುಖ ನೋಡಿ."

"ಏನ್ ಅಲೈಡಮ್ಮ, ಮದುವೆ ಆಗ್ತಿದೀರಾ?" ಎಂದು ನಕ್ಕಳು. ನದಿಯಲ್ಲಿ ಇನ್ಯಾರೋ ಗಂಡಸೂ ಕೆಮ್ಮಿ ನಕ್ಕದ್ದು ಕೇಳಿಸಿತು. "ಹತ್ತನೇ ತಾರೀಕು ಮಧ್ಯಾಹ್ನ ಗೇಟಿಗೆ ಬರ್ತೀವಿ. ಅದಕ್ಕೆ ಮುಂಚೆ ಆಗಲ್ಲ."

ಅವರು ಗೇಟು ಎನ್ನುವುದು ನಮ್ಮ ಊರಾಚೆಯ ಜಲದ್ವಾರವನ್ನು. ನದಿಯಿಂದ ಕಾಲುವೆಗೆ ದೋಣಿಗಳನ್ನು ಏರಿಸಿ ಬಿಡುವ ಜಾಗ. ಸರಿಯಾಗಿ ಕೊನೆಯ ದಿನ. ಮೂರು ವಾರ ನಾನು ಆ ಟೈಪ್ ಮಾಡಿದ ಹಾಳೆಯನ್ನು ಚೀಲದಲ್ಲಿ ಹೊತ್ತು ತಿರುಗಿದೆ. ರೊಂಬೌಟ್ಸ್ ಪ್ರತಿ ಬೆಳಿಗ್ಗೆ ನನ್ನ ಮುಖ ನೋಡುತ್ತಿದ್ದರು, ನಾನು ಕಾಫಿ ಯಂತ್ರದ ಕಡೆ ನೋಡುತ್ತಿದ್ದೆ.

ಹತ್ತನೇ ತಾರೀಕು ಶುಕ್ರವಾರ. ಮೂರೂವರೆಗೆ ಸೈಕಲ್ಲಿನಲ್ಲಿ ಜಲದ್ವಾರಕ್ಕೆ ಹೋದಾಗ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಕಾವಲುಮನೆಯ ಗೋಡೆಯಲ್ಲಿ ಕೆಂಪು ಅಂಚೆಪೆಟ್ಟಿಗೆ, ಐದು ಗಂಟೆಗೆ ಅದರಿಂದ ದಿನದ ಕೊನೆಯ ಅಂಚೆ ತೆಗೆಯುತ್ತಾರೆ. ಯಾಕೋಮಿನಾ ಸರದಿಯಲ್ಲಿ ಮೂರನೆಯದು. ಹಸಿರು ದೀಪ ಬೀಳುವವರೆಗೆ ನನಗೆ ಹೆಚ್ಚೆಂದರೆ ಒಂದೂವರೆ ಗಂಟೆ.

ಹಲಗೆ ದಾಟಿ ದೋಣಿಯ ಹಿಂಬದಿಯ ಕೋಣೆಗೆ ಇಳಿದೆ. ದೋಣಿಯವರ ಅಂಚೆಯನ್ನು ಕಾವಲುಮನೆಯವರು ಕಟ್ಟಿಟ್ಟಿರುತ್ತಾರೆ. ಆ ಕಟ್ಟು ಮೇಜಿನ ಮೇಲೆ ಬಿಚ್ಚಿ ಬಿದ್ದಿತ್ತು. ವಿಟ್ಸ್ಕೆ ತೋಳು ಮಡಿಸಿದ ಸ್ವೆಟರಿನಲ್ಲಿ, ಕೆಂಪಾದ ಮುಖದಲ್ಲಿ ನಿಂತಿದ್ದಳು. ಮಂಡಳಿ ಅವಳಿಗೂ ಬರೆದಿತ್ತು.

"ಬನ್ನಿ ಅಲೈಡಮ್ಮ. ನಿಮ್ಮ ಪರೀಕ್ಷೆಯೋರನ್ನೇ ಬೈತಾ ಇದ್ದೆ, ಮಧ್ಯದಲ್ಲಿ ಬಂದ್ರಿ. ಕೂತ್ಕೊಳಿ, ಮುಂದುವರಿಸ್ತೀನಿ."

"ಕಾಫಿ ಕೊಟ್ಟು ಬೈಯೇ" ಎಂದ ಡೌವೆ. ದೊಡ್ಡ ಆಳು, ಮೆಲುದನಿ. ಬಿಸ್ಕತ್ತಿನ ಡಬ್ಬಿ ತೆರೆದು ನನಗೊಂದು ಕೊಟ್ಟು, ಒಬ್ಬರಿಗೆ ಒಂದೇ ಎಂಬ ನಮ್ಮ ಕಡೆಯ ಪದ್ಧತಿಯಂತೆ ಮುಚ್ಚಳ ಹಾಕಿದ.

ನಾನು ಕಾಫಿ ಮುಟ್ಟಲಿಲ್ಲ. "ಆವತ್ತು ಫೋನಲ್ಲಿ ಯಾರು ವಿಟ್ಸ್ಕೆ?"

"ಓ! ನಿಮಗೂ ಅನುಮಾನನಾ?"

"ಅನುಮಾನ ಗಟ್ಟಿ ಇದ್ದಿದ್ರೆ ಮನೇಲೇ ಕೂತು ಬರೀತಿದ್ದೆ. ಈ ಗಾಳೀಲಿ ಸೈಕಲ್ ತುಳಿದು ಬಂದಿರೋದು ಕೇಳೋಕೆ."

"ನಾನೇ ಕಣಮ್ಮ ಮಾಡಿದ್ದು" ಎಂದ ಡೌವೆ. "ಇಲ್ಲೇ ಕಾವಲುಮನೆ ಫೋನಿಂದ. ನಮ್ಮ ಫೋನಲ್ಲಿ ಮಾಡಿದ್ರೆ ಇಡೀ ನದಿ ಇವಳಿಗೆ ಒಳ್ಳೇದಾಗ್ಲಿ ಅಂತ ಕೂಗಿ ತಲೆ ಕೆಡಿಸ್ತಿತ್ತು."

"ಅಂಗೈ ಮೇಲೆ ಏನೋ ಬರ್ಕೊಂಡೆಯಲ್ಲ?"

"ಬರ್ಕೊಂಡೆ!" ವಿಟ್ಸ್ಕೆ ಅಂಗೈಯನ್ನು ನನ್ನ ಮೂಗಿನ ಹತ್ತಿರ ತಂದಳು. "ಬರ್ಕೊಂಡೆ, ನಮ್ಮನೆ ಎಲ್ಲಿರುತ್ತೆ ಅಂತ! ನಿಮ್ಮನೆ ಬೆಳಿಗ್ಗೆ ಬಿಟ್ಟಲ್ಲೇ ಸಂಜೆಗೂ ಕೂತಿರುತ್ತೆ ಅಲೈಡಮ್ಮ. ನಮ್ಮದು ಕೂರಲ್ಲ. ಆವತ್ತು ಗೇಟಿನ ಸರಪಳಿ ಕಿತ್ತೋಗಿ ಎಲ್ರನ್ನೂ ಕೆಳಕ್ಕೆ ಓಡಿಸಿದ್ರು. ಪರೀಕ್ಷೆ ಮುಗಿಸ್ಕೊಂಡು ನಾನು ಎಲ್ಲಿಗೆ ಹೋಗ್ಲಿ? ಒಂಬೈನೂರ ಹದಿನೇಳನೇ ಕಿಲೋಮೀಟರ್ ಕಲ್ಲು, ಎಡದಂಡೆ. ಅಷ್ಟೇ ಇದ್ದದ್ದು ಕೈಮೇಲೆ."

ಡೌವೆ ಎದ್ದು ದೋಣಿಯ ದಿನಚರಿ ತಂದು ಬೆರಳಿಟ್ಟು ತೋರಿಸಿದ. ಅಕ್ಟೋಬರ್ ಒಂಬತ್ತು, ಹತ್ತು ಇಪ್ಪತ್ತೈದು, ಸರಪಳಿ ತುಂಡು. ೯೧೭ಕ್ಕೆ ಹೋಗಿ ಕಟ್ಟಿದ್ದು. ನಾನು ಆ ಸಾಲನ್ನು ಎರಡು ಸಲ ಓದಿದೆ. ಎದೆಯ ಮೇಲಿನ ಒಂದು ಕಲ್ಲು ಇಳಿಯಿತು. ಇನ್ನೊಂದು ಹಾಗೇ ಇತ್ತು.

"ಆ ಒಂಬತ್ತು ಸಾಲು?"

"ಅದನ್ನ ಕೇಳ್ಬೇಡಿ, ಉರಿಯುತ್ತೆ. ಜೊತೆಗೂಡಿ ಓದಿ ಅಂದೋರು ಯಾರು? ಅವರೇ! ಈ ದೇಶದ ಒಬ್ಬರಿಗೆ ಆ ದೇಶದ ಒಬ್ಬರು ಅಂತ ಗಂಟು ಹಾಕಿದ್ರು. ನಾನೂ ಊನಾನೂ ಒಂದು ವರ್ಷ ವಾರಕ್ಕೊಂದು ಕಾಗದ ಬರೆದ್ವಿ. ಮನೆ ಊರೂರಿಗೆ ಓಡಾಡೋ ಮಗುಗೆ ಲೆಕ್ಕ ಹೇಗೆ ಹೇಳಿಕೊಡೋದು ಅನ್ನೋ ಉತ್ತರಾನ ಇಬ್ಬರೂ ಸೇರಿ ಹದಿನಾಲ್ಕು ಸಲ ತಿದ್ದಿದ್ವಿ. ಗೇಟಿನ ನೀರಿನ ಮಟ್ಟದಿಂದ ಕಳೆಯೋ ಲೆಕ್ಕ ನಂದು, ಅವಳದ್ದು ಉಬ್ಬರ ಇಳಿತದ್ದು. ನಮಗೆ ನಿದ್ದೇಲೂ ಬಾಯಿಪಾಠ. ಅವರು ಅದನ್ನೇ ಕೇಳಿದ್ರು, ನಾವು ಅದನ್ನೇ ಬರೆದ್ವಿ. ಒಗ್ಗಟ್ಟಲ್ಲಿ ಓದಿ ಅಂತೀರ, ಒಂದೇ ಥರ ಬರೆದ್ರೆ ಕಳ್ಳರು ಅಂತೀರ!"

"ಮಂಡಳಿ ಕಾಗದದಲ್ಲಿ ಹತ್ತಕ್ಕೆ ಶುರು ಅಂತ ಇದೆಯಲ್ಲ, ಇನ್ನೇನು ಭಯ?" ಎಂದ ಡೌವೆ ಹೆಂಡತಿಗೆ. "ಫೋನ್ ಬಂದಾಗ ನೀನು ಒಳಗೆ ಬರೀತಾ..." ಮಾತು ಅರ್ಧಕ್ಕೆ ನಿಂತಿತು. ಫೋನಿನಲ್ಲಿ ಮಾತಾಡಿದವನು ಅವನೇ.

"ಹತ್ತಕ್ಕೆ ಶುರುವಾಗ್ಲಿಲ್ಲ" ಎಂದೆ. ಎಲ್ಲವನ್ನೂ ಹೇಳಿದೆ. ಗಡಿಯಾರ, ರೇಡಿಯೋ, ಐದು ಸಾಲಿನ ಪತ್ರ, ಚಮಚದ ತಟ್ಟೆ. ಯಾವುದನ್ನೂ ನುಣ್ಣಗೆ ಮಾಡಲಿಲ್ಲ.

ವಿಟ್ಸ್ಕೆ ನಿಧಾನವಾಗಿ ಕುಳಿತಳು. "ಯಾವತ್ತು ಗೊತ್ತಾಯ್ತು ನಿಮಗೆ?"

"ಅಕ್ಟೋಬರ್ ಇಪ್ಪತ್ತನಾಲ್ಕು."

"ಅವತ್ತು ಇನ್ನೂ ಉತ್ತರ ಯಾರೂ ತಿದ್ದಿರಲಿಲ್ಲ. ಅವತ್ತೇ ಕಳಿಸಿದ್ರೆ ಒಂದು ಸಣ್ಣ ತಪ್ಪು. ಒಬ್ಬ ಅಜ್ಜಿ ಗಡಿಯಾರ ನೋಡೋದ್ರಲ್ಲಿ ಎಡವಿದ್ಲು, ಮುಗೀತು." ಅವಳ ದನಿ ಏರಲಿಲ್ಲ, ಏರಿದ್ದರೆ ತಡೆದುಕೊಳ್ಳುತ್ತಿದ್ದೆ. "ಈಗ ಹೇಳಿದ್ರೆ, ನನ್ನನ್ನ ಉಳಿಸೋಕೆ ಮುಚ್ಚಿಟ್ಟಿದ್ರು ಅಂತಾರೆ. ಆರೇಳು ವಾರ! ಚಮಚದ ಕೆಳಗೆ ನನ್ನ ಮಕ್ಕಳನ್ನ ಇಟ್ಕೊಂಡು ಸೂಪ್ ಕುಡಿದ್ರಾ?"

ಹೊರಗೆ ಒಂದು ದೋಣಿ ಕೊಂಬು ಊದಿತು. ಮುಂದಿನದು ಒಳಗೆ ಹೋಯಿತು. ಇನ್ನು ನಮ್ಮ ಮುಂದೆ ಒಂದೇ.

ಚೀಲದಿಂದ ರೊಂಬೌಟ್ಸರ ಹಾಳೆ ತೆಗೆದಿಟ್ಟೆ. ಅವಳು ಕಣ್ಣಲ್ಲೇ ಓದಿ ಮುಗಿಸಿದಳು.

"ಸಹಿ ಹಾಕಿ."

ನಾನು ಹಾಳೆಯನ್ನು ನನ್ನ ಕಡೆ ತಿರುಗಿಸಿಕೊಂಡೆ.

"ಹಾಕಿ ಅಲೈಡಮ್ಮ! ನಾನು ಕದ್ದಿಲ್ಲ ಅಂತ ಈಗ ಗೊತ್ತಾಯ್ತಲ್ಲ. ಸತ್ಯ ಉಳಿಸೋಕೆ ಒಂದು ಸುಳ್ಳು. ಪೆನ್ ಬೇಕಾ? ಡೌವೆ, ಪೆನ್ ಕೊಡು."

"ನೀನು ಹಾಕು ಅಂದ್ರೆ..." ಎಂದು ಶುರು ಮಾಡಿದೆ.

"ನಾನ್ಯಾಕೆ ಅನ್ನಲಿ? ತಪ್ಪು ನಿಮ್ಮದು, ಹೂಂ ಅನ್ನೋಕೆ ನಾನಾ?"

ಮಾತು ಕೆನ್ನೆಗೆ ಹೊಡೆದಂತಿತ್ತು, ಸರಿಯಾಗಿಯೂ ಇತ್ತು. ಇದುವರೆಗೆ ರೊಂಬೌಟ್ಸರ ಬೆನ್ನ ಹಿಂದೆ ನಿಂತಿದ್ದವಳು ಈಗ ಇವಳ ಬೆನ್ನ ಹಿಂದೆ ಜಾಗ ಹುಡುಕುತ್ತಿದ್ದೆ. ಟೈಪ್ ಮಾಡಿದ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿದೆ. ಡೌವೆ ಕೊಟ್ಟ ಪೆನ್ನು ಹಿಡಿದು ಅವನ ದಿನಚರಿಯಿಂದ ಬಿಳಿ ಹಾಳೆ ಕೇಳಿದೆ.

"ಏನ್ ಮಾಡ್ತಿದೀರಾ?"

"ನಡೆದದ್ದನ್ನ ಬರೀತೀನಿ. ನನ್ನ ಕೈಯಲ್ಲಿ, ನನ್ನ ಹೆಸರಲ್ಲಿ."

"ನಿಜ ಬರೆದ್ರೆ ನಾನು ಹೋದೆ!" ಅವಳು ಹಾಳೆಯ ಮೇಲೆ ಕೈಯಿಟ್ಟಳು. "ಫೋನ್ ಇದೆ, ಅಂಗೈ ಇದೆ, ಊನಾ ಹೊರಗೆ ಹೋದ ಹೊತ್ತೂ ಅದೇ ಇದೆ. ಯಾರು ನಂಬ್ತಾರೆ?"

"ನಂಬದೇ ಇರಬಹುದು."

"ಮತ್ತೆ?"

"ನಂಬೋ ಹಾಗೆ ಬರೀತೀನಿ. ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ. ಕೈ ತೆಗಿ."

ತೆಗೆಯಲಿಲ್ಲ. ಇಂಜಿನ್ ಬಿಸಿ ಮಾಡಲು ಡೌವೆ ಏಳಬೇಕಿತ್ತು, ಎದ್ದಿರಲಿಲ್ಲ. ಅವನು ಅಂಚೆಯ ಕಟ್ಟಿನಿಂದ ಒಂದು ನೀಲಿ ಲಕೋಟೆ ಎತ್ತಿ ಹೆಂಡತಿಯ ಮುಂದಿಟ್ಟ. "ಊನಾದು ಬಂದಿದೆಯಲ್ಲ, ಇನ್ನೂ ಒಡೆದಿಲ್ಲ ನೀನು."

ಅವಳು ಒಂದೇ ಕೈಯಿಂದ, ಹಲ್ಲಿನಿಂದ ಲಕೋಟೆ ಹರಿದಳು; ಇನ್ನೊಂದು ಕೈ ನನ್ನ ಹಾಳೆಯ ಮೇಲೇ ಇತ್ತು. ಮೊದಲು ಮನಸ್ಸಿನಲ್ಲೇ ಓದಿದಳು. ಆಮೇಲೆ ಜೋರಾಗಿ, ನಮ್ಮ ಮಾತಿಗೆ ತಿರುಗಿಸುತ್ತಾ ಓದಿದಳು:

"'ಪ್ರೀತಿಯ ವಿಟ್ಸ್ಕೆ, ನೀವು ನಮಗಿಂತ ಒಂದು ಗಂಟೆ ತಡವಾಗಿ ಕೂತಿರಿ ಅಂತ ನಿನ್ನ ಕಾಗದ ನೋಡಿ ಗೊತ್ತಾಯ್ತು. ನಾನಿನ್ನೂ ಯಾರಿಗೂ ಹೇಳಿಲ್ಲ. ನನ್ನನ್ನೂ ಕೇಳ್ತಿದ್ದಾರೆ. ನಿಮ್ಮ ಕಡೆಯವರು ಏನು ಬರೆದು ಕಳಿಸ್ತಾರೆ ಅಂತ ತಿಳಿಸು, ನಾನೂ ಅದನ್ನೇ ಹೇಳ್ತೀನಿ. ಮಗು ಒದೀತಾ ಇದೆ. ನನಗೆ ಭಯ.'"

ಡೌವೆ ಒಲೆಗೆ ಒಂದು ಸಲಿಕೆ ಕಲ್ಲಿದ್ದಲು ಹಾಕಿದ.

"ಕೇಳಿದ್ರಾ?" ಎಂದಳು ವಿಟ್ಸ್ಕೆ, ಯಾರಿಗೆ ಎಂದು ಗೊತ್ತಾಗದ ಹಾಗೆ. "ಉತ್ತರ ಹೇಳಿಕೊಡು, ಬರೀತೀನಿ ಅಂತಾಳೆ." ಕಾಗದವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ ನೇರ ಮಾಡಿದಳು. "ಇಷ್ಟು ದಿನ ಕಾಪಿ ಹೊಡೆದಿರಲಿಲ್ಲ, ಡೌವೆ. ಈಗ ಹೇಳಿಕೊಟ್ರೆ ಹೊಡೆದ ಹಾಗೇ ಆಗುತ್ತೆ. ಅವರು ಹೇಳಿದ್ದನ್ನೇ ನಿಜ ಮಾಡಿಕೊಟ್ಟ ಹಾಗಾಗುತ್ತೆ."

ಡೌವೆ ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಮೇಲೆ ಹೋಗಿ ಇಂಜಿನ್ ಶುರು ಮಾಡಿದ. ಮೇಜು, ಬಟ್ಟಲು, ಪೆನ್ನು ಎಲ್ಲ ನಡುಗತೊಡಗಿದವು.

ವಿಟ್ಸ್ಕೆ ನನ್ನ ಹಾಳೆಯ ಮೇಲಿಂದ ಕೈ ತೆಗೆದಳು. "ಬರೀರಿ. ಅಂಗೈದೂ ಬರೀರಿ. ಬಿಟ್ಟುಬಿಟ್ಟು ಬರೆದ್ರೆ ನಾನೇ ಅವರಿಗೆ ಬರೀತೀನಿ, ನೋಡಿ."

ನಾಲ್ಕು ಇಪ್ಪತ್ತಾಗಿತ್ತು. ನಾನು ಇಟ್ಟಿಗೆ ಗೂಡಿನಲ್ಲಿ ಒರಟಾದ ಬೆರಳುಗಳಿಂದ ನಿಧಾನವಾಗಿ ಬರೆಯುವವಳು. ಆ ದಿನ ಅವು ಇನ್ನೂ ನಿಧಾನವಾದವು. ಪರೀಕ್ಷೆ ಹತ್ತಕ್ಕಲ್ಲ, ನಮ್ಮ ಹನ್ನೊಂದಕ್ಕೆ ಆರಂಭವಾಯಿತು, ತಪ್ಪು ನನ್ನದು. ಹತ್ತು ನಲವತ್ತಕ್ಕೆ ಫೋನು ಬಂತು. ವಿಟ್ಸ್ಕೆ ಅದನ್ನು ತೆಗೆದುಕೊಂಡಳು, ಅಂಗೈ ಮೇಲೆ ಬರೆದುಕೊಂಡಳು. ಏನು ಬರೆದುಕೊಂಡಳೆಂದು ನಾನು ಆ ದಿನ ಓದಿ ನೋಡಲಿಲ್ಲ. ಕರೆ ಎಲ್ಲಿಂದ ಬಂತೆಂದು ಜಲದ್ವಾರದ ಕಾವಲಿನವರನ್ನು ಕೇಳಬಹುದು, ದೋಣಿಯ ದಿನಚರಿಯನ್ನೂ ನೋಡಬಹುದು. ನನ್ನ ತಪ್ಪು ನನಗೆ ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ ತಿಳಿಯಿತು, ಇಂದಿನವರೆಗೆ ಬಾಯಿ ಬಿಡಲಿಲ್ಲ. ಅದಕ್ಕೆ ವಿಟ್ಸ್ಕೆ ಕಾರಣಳಲ್ಲ. ಅವರಿಬ್ಬರೂ ಒಂದು ವರ್ಷ ಪರಸ್ಪರ ಬರೆದ ಕಾಗದಗಳಿವೆ, ತರಿಸಿ ನೋಡಿ.

ರೊಂಬೌಟ್ಸರ ಹೆಸರು ಬರೆಯಲೇ ಎಂದು ಪೆನ್ನು ಎತ್ತಿ ಹಿಡಿದೆ. ಬರೆಯಲಿಲ್ಲ. ಡ್ರಾಯರ್ ನನ್ನದು.

"ಮೌಖಿಕ ಪರೀಕ್ಷೆಗೆ ಕರೀರಿ ಅಂತ ಸೇರಿಸಿ" ಎಂದಳು ಭುಜದ ಮೇಲಿಂದ ಇಣುಕುತ್ತಾ. "ಯಾವ ದಿನ ಬೇಕಾದ್ರೂ, ಯಾವ ಪ್ರಶ್ನೆ ಬೇಕಾದ್ರೂ. ಬರೋಕೆ ದಾರಿ ನಾನು ನೋಡ್ಕೋತೀನಿ. ಊನಾನ ಮಾತ್ರ ಎಳೀಬೇಡಿ, ಹೆರಿಗೆ ಹತ್ರ ಇದೆ, ಅವಳ ಮನೆಗೇ ಹೋಗ್ಲಿ ಅನ್ನಿ. ಹೋಗ್ತಾರೆ ಬಿಡಿ, ದೂರಶಿಕ್ಷಣದೋರಿಗೆ ದೂರ ಅಂದ್ರೆ ಇಷ್ಟ ತಾನೆ."

ನಗು ಬರಲಿಲ್ಲ ಇಬ್ಬರಿಗೂ, ಆದರೂ ಸೇರಿಸಿದೆ. ಅದರ ಕೆಳಗೆ ಅವಳೂ ತನ್ನ ಸಹಿ ಹಾಕಿ, ದೋಣಿಯ ಹೆಸರನ್ನೂ ಮುಂದಿನ ಮೂರು ವಾರ ಅದು ಎಲ್ಲೆಲ್ಲಿರುತ್ತದೆ ಎಂಬ ಪಟ್ಟಿಯನ್ನೂ ಬರೆದಳು. ರೊಂಬೌಟ್ಸರ ಹಾಳೆಗೆಂದು ಚೀಟಿ ಅಂಟಿಸಿ ತಂದಿದ್ದ ಲಕೋಟೆಗೆ ಅದನ್ನು ಹಾಕಿ ಮುಚ್ಚಿದೆ.

ಮೇಲಿಂದ ಡೌವೆ ಕೂಗಿದ. ಹಸಿರು ದೀಪ ಬಿದ್ದಿತ್ತು.

ಹಲಗೆ ಎಳೆದಾಗಿತ್ತು. ಡೌವೆ ನನ್ನನ್ನು ಮೂಟೆಯ ಹಾಗೆ ಎತ್ತಿ ಕಲ್ಲುಕಟ್ಟೆಯ ಮೇಲಿಟ್ಟ. ಅರವತ್ತಮೂರು ವರ್ಷದ ಹೆಂಗಸಿಗೆ ಅದೇನೂ ಮರ್ಯಾದೆಯಾಗಿ ಇಳಿಯುವ ರೀತಿಯಲ್ಲ. ಯಾಕೋಮಿನಾ ನಿಧಾನವಾಗಿ ಗೋಡೆಗಳ ನಡುವೆ ಒಳಗೆ ಹೋಯಿತು. ವಿಟ್ಸ್ಕೆ ಹಿಂಬದಿಯಲ್ಲಿ ಹಗ್ಗ ಹಿಡಿದು ನಿಂತಿದ್ದಳು. ಕೈ ಬೀಸಲಿಲ್ಲ. ನಾನು ಅಂಚೆಪೆಟ್ಟಿಗೆಯ ಕಡೆ ಹೋಗುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದಳು.

ಅಂಚೆಯ ವ್ಯಾನು ಆಗಲೇ ಬಂದು ನಿಂತಿತ್ತು. ಅಂಚೆಯ ಹೆಂಗಸು ಪೆಟ್ಟಿಗೆಯ ಬೀಗಕ್ಕೆ ಕೀಲಿ ಹಾಕುತ್ತಿದ್ದಳು.

"ಇವತ್ತಿನ ಮುದ್ರೆ ಬೀಳುತ್ತಾ ಮಗಳೇ?"

"ನಾನು ಬೀಗ ತೆಗೆಯೋದ್ರೊಳಗೆ ಹಾಕಿದ್ರೆ ಇವತ್ತಿಂದು. ತೆಗೆದ ಮೇಲೆ ಹಾಕಿದ್ರೆ ಸೋಮವಾರದ್ದು."

"ನಿಯಮ ಹಾಗಾ?"

"ನಿಯಮ ಹಾಗೆ ಅಜ್ಜಿ. ಬೇಗ."

ಲಕೋಟೆಯನ್ನು ಪೆಟ್ಟಿಗೆಯ ಬಾಯಿಗೆ ಇಟ್ಟೆ. ಅರ್ಧ ಒಳಗೆ, ಅರ್ಧ ನನ್ನ ಬೆರಳಲ್ಲಿ. ಜನವರಿಯ ಪಟ್ಟಿ, ಹಳೆಯ ಅಂಚೆ ಕಚೇರಿಯ ಮೆಟ್ಟಿಲು, ಎರಡು ಕೋಣೆಯ ಮನೆ, ವಸತಿಶಾಲೆಯಲ್ಲಿ ತಾಯಿಗೆ ಕಾಯುತ್ತಿರುವ ಇಬ್ಬರು ಮಕ್ಕಳು, ಎಲ್ಲ ಅದರ ತೂಕದಲ್ಲಿ ಇದ್ದವು. ಅಂಚೆಯವಳ ಕೀಲಿ ತಿರುಗತೊಡಗಿದ ಸದ್ದು ಕೇಳಿಸಿತು; ಬೀಗ ಇನ್ನೂ ತೆರೆದಿರಲಿಲ್ಲ.

ಬೆರಳು ಬಿಟ್ಟೆ.